ಕ್ಯೂಆರ್ ಕಿತ್ತುಹಾಕಬೇಡಿ, ಲೆಕ್ಕ ಬರೆದಿಡಿ

2025ರ ಜುಲೈನಲ್ಲಿ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಕಾಣಿಸಿಕೊಂಡಿತು. ವಾಣಿಜ್ಯ ತೆರಿಗೆ ಇಲಾಖೆ ಹಿಂದಿನ ನಾಲ್ಕು ವರ್ಷಗಳ ಯುಪಿಐ ಜಮೆಯ ವಿವರ ತರಿಸಿಕೊಂಡು, ಮಿತಿ ದಾಟಿದ್ದರೂ ಜಿಎಸ್‌ಟಿ ನೋಂದಣಿ ಮಾಡಿಸದ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ತರಕಾರಿ ಮಾರುವವರೊಬ್ಬರಿಗೆ ಬಂದದ್ದು 29 ಲಕ್ಷ ರೂಪಾಯಿಯ ನೋಟಿಸ್. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ವರ್ತಕರು ಬಂದ್‌ಗೆ ಕರೆ ಕೊಟ್ಟರು. ಮುಖ್ಯಮಂತ್ರಿಗಳು ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದ ಮೇಲೆ ಗಲಾಟೆ ತಣ್ಣಗಾಯಿತು. ಕಾನೂನು ಮಾತ್ರ ಇದ್ದ ಹಾಗೇ ಇದೆ. ಇನ್ನೊಮ್ಮೆ ನೋಟಿಸ್ ಬಂದಾಗ ಕೈಯಲ್ಲಿ ಏನಿರಬೇಕು ಎಂಬುದು ಪ್ರತಿ ಚಿಕ್ಕ ಅಂಗಡಿಯವರಿಗೂ ಗೊತ್ತಿರಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಲಿ. ತೆರಿಗೆ ಇರುವುದು ಯುಪಿಐ ಮೇಲಲ್ಲ, ವ್ಯಾಪಾರದ ಮೇಲೆ. ಗಲ್ಲಾಪೆಟ್ಟಿಗೆಗೆ ಬಿದ್ದ ನಗದು ಕೂಡ ವಹಿವಾಟೇ. ಕ್ಯೂಆರ್ ಫಲಕ ತೆಗೆದಿಟ್ಟರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ನೋಂದಣಿಯ ಹೊಣೆ ನಿಮ್ಮಲ್ಲೇ ಉಳಿಯುತ್ತದೆ.

ಈಗ ಮಿತಿಗಳು. ಕರ್ನಾಟಕದಲ್ಲಿ ಸರಕನ್ನಷ್ಟೇ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸೇವೆ ಕೊಡುವವರಿಗೆ ಈ ಮಿತಿ 20 ಲಕ್ಷ. ದಿನದ ಲೆಕ್ಕದಲ್ಲಿ ನೋಡಿದರೆ ಸುಮಾರು 11 ಸಾವಿರ ಮತ್ತು ಐದೂವರೆ ಸಾವಿರ. ಇದು ಲಾಭದ ಲೆಕ್ಕವಲ್ಲ, ಒಟ್ಟು ಮಾರಾಟದ್ದು. ಹೋಟೆಲಿನಲ್ಲಿ ಕೊಡುವ ಊಟ, ತಿಂಡಿ, ಚಹಾವನ್ನು ಕಾನೂನು ಸೇವೆ ಎಂದೇ ಎಣಿಸುತ್ತದೆ. ಹಾಗಾಗಿ ಟೀ ಅಂಗಡಿಗೆ 20 ಲಕ್ಷದ ಮಿತಿ. ಬೀಡಿ, ಸಿಗರೇಟು, ಪಾನ್ ಮಸಾಲಾ, ಐಸ್‌ಕ್ರೀಮ್ ಮಾರುವವರಿಗೂ 40 ಲಕ್ಷದ ರಿಯಾಯಿತಿ ಸಿಗುವುದಿಲ್ಲ. ಬೀದಿ ಬದಿಯ ಎಷ್ಟೋ ಪೆಟ್ಟಿಗೆ ಅಂಗಡಿಯವರು ಈ ಒಂದು ವಿಷಯ ತಿಳಿಯದೆಯೇ ಸಿಕ್ಕಿಬೀಳಬಹುದು. ಇನ್ನೊಂದು ಕಡೆ, ತರಕಾರಿ, ತಾಜಾ ಹಣ್ಣು, ಹೂವು, ಹಾಲಿನಂಥ ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರು ಎಷ್ಟೇ ವ್ಯಾಪಾರ ಮಾಡಿದರೂ ನೋಂದಣಿ ಬೇಕಿಲ್ಲ. ಆದರೆ ಅದೇ ಅಂಗಡಿಯಲ್ಲಿ ಬಿಸ್ಕತ್ತು, ತಂಪು ಪಾನೀಯ ಇಟ್ಟುಕೊಂಡರೆ ಮಿತಿಯ ಎಣಿಕೆಗೆ ಹಾಲಿನ ಮಾರಾಟವೂ ಸೇರುತ್ತದೆ.

ಮಿತಿ ದಾಟಿದ 30 ದಿನಗಳೊಳಗೆ ಅರ್ಜಿ ಹಾಕಬೇಕು. ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿ ಇದೆ. ವ್ಯಾಪಾರಿಗೆ ಶೇ. 1, ಹೋಟೆಲಿಗೆ ಶೇ. 5. ತೆರಿಗೆ ಮೂರು ತಿಂಗಳಿಗೊಮ್ಮೆ ಕಟ್ಟಿದರಾಯಿತು, ರಿಟರ್ನ್ಸ್ ವರ್ಷಕ್ಕೊಂದು. ಗಿರಾಕಿಯಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ತೆರಿಗೆ ಬೀಳುವ ಸರಕನ್ನು ವರ್ಷಕ್ಕೆ 50 ಲಕ್ಷದಷ್ಟು ಮಾರುವವರು ಈ ಪದ್ಧತಿಯಲ್ಲಿ ಕಟ್ಟುವುದು 50 ಸಾವಿರ. ಗೊತ್ತಿದ್ದೂ ನೋಂದಣಿ ಮಾಡಿಸದೆ ಕುಳಿತವರಿಗೆ ನೋಟಿಸ್ ಬರುವುದು ಪೂರ್ತಿ ದರದ ತೆರಿಗೆ, ಬಡ್ಡಿ, ದಂಡ ಸೇರಿಸಿ. ನನ್ನ ಮಟ್ಟಿಗೆ, ಮಿತಿಯ ಹತ್ತಿರ ಬಂದವರು ಕಾಯುವುದರಲ್ಲಿ ಅರ್ಥವೇ ಇಲ್ಲ.

ನೋಟಿಸ್ ಬಂದೇ ಬಿಟ್ಟರೆ? ಅದನ್ನು ಡ್ರಾಯರಿನೊಳಗೆ ತಳ್ಳಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದರೆ ಯಾವ ಲಿಂಕನ್ನೂ ಒತ್ತದೆ, ನಿಮ್ಮ ಭಾಗದ ವಾಣಿಜ್ಯ ತೆರಿಗೆ ಕಚೇರಿಗೆ ಹೋಗಿ ನಿಜವೇ ಎಂದು ವಿಚಾರಿಸಿ. ನಿಜವಾಗಿದ್ದರೆ ಗಡುವಿನೊಳಗೆ ಬರಹದಲ್ಲಿ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ. ನೋಂದಣಿ ಇಲ್ಲದವರ ತೆರಿಗೆ ನಿರ್ಧರಿಸುವ ಜಿಎಸ್‌ಟಿ ಕಾಯ್ದೆಯ 63ನೇ ಕಲಂ ಸ್ಪಷ್ಟವಾಗಿದೆ: ನಿಮ್ಮ ಮಾತು ಕೇಳದೆ ಆದೇಶ ಹೊರಡಿಸುವಂತಿಲ್ಲ. ಖುದ್ದಾಗಿ ಹಾಜರಾಗಿ ಹೇಳಿಕೊಳ್ಳುತ್ತೇನೆ ಎಂದು ಉತ್ತರದಲ್ಲೇ ಬರೆಯಿರಿ.

ಆ ಉತ್ತರದ ತಿರುಳು ಒಂದೇ: ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ. ಭಾವಮೈದುನ ತೀರಿಸಿದ ಕೈಸಾಲ, ಚೀಟಿ ಎತ್ತಿದ ಹಣ, ಊರಿನಿಂದ ಮಗ ಕಳಿಸಿದ್ದು, ನಗದು ಬೇಕೆಂದು ಬಂದ ಪರಿಚಿತರು ಸ್ಕ್ಯಾನ್ ಮಾಡಿ ನೋಟು ಒಯ್ದದ್ದು, ಇವೆಲ್ಲ ಒಂದೇ ಕ್ಯೂಆರ್‌ಗೆ ಬಂದು ಸೇರಿರುತ್ತವೆ. ಇಲಾಖೆಯ ಕಂಪ್ಯೂಟರಿಗೆ ಅವುಗಳ ಭೇದ ತಿಳಿಯದು, ತಿಳಿಸಬೇಕಾದವರು ನೀವು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ಇಂಥ ಜಮೆಗಳನ್ನು ಗುರುತು ಮಾಡಿ. ತೆರಿಗೆ ಇಲ್ಲದ ಸರಕು ಮಾರಿದ್ದಕ್ಕೆ ಎಪಿಎಂಸಿ ಚೀಟಿ, ಡೇರಿ ಬಿಲ್ಲು, ಸಗಟು ಅಂಗಡಿಯ ರಸೀದಿ ಲಗತ್ತಿಸಿ. ಆದೇಶ ಆಮೇಲೂ ನಿಮಗೆ ವಿರುದ್ಧವಾಗಿ ಬಂದರೆ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು, ಆಗ ವಿವಾದದಲ್ಲಿರುವ ತೆರಿಗೆಯ ಶೇ. 10ರಷ್ಟನ್ನು ಮುಂಗಡ ಕಟ್ಟಬೇಕು.

ಈ ಕಷ್ಟಕ್ಕೆಲ್ಲ ಅರ್ಧ ಮದ್ದು ಇಂದೇ ಮಾಡಬಹುದು. ಅಂಗಡಿಗೆ ಬೇರೆ ಖಾತೆ, ಬೇರೆ ಕ್ಯೂಆರ್. ಮನೆಯ ಹಣ ಅದಕ್ಕೆ ಬೀಳಬಾರದು. ಸಂಜೆ ಬಾಗಿಲು ಹಾಕುವ ಮುಂಚೆ ಯುಪಿಐ ಎಷ್ಟು, ನಗದು ಎಷ್ಟು, ತೆರಿಗೆ ಇಲ್ಲದ ಸರಕು ಎಷ್ಟು ಎಂದು ಮೂರು ಅಂಕಿ ಬರೆಯಿರಿ. ಫೋನಿನ ಆ್ಯಪ್ ಆದರೂ ಸರಿ, ನೋಟ್‌ಬುಕ್ ಆದರೂ ಸರಿ.

ಇನ್ನೊಂದು ಹೊಡೆತ ಖಾತೆ ಸ್ತಂಭನದ್ದು. ಎಲ್ಲೋ ಯಾರನ್ನೋ ಮೋಸ ಮಾಡಿ ಪಡೆದ ಹಣದಲ್ಲಿ ಒಬ್ಬ ನಿಮ್ಮಲ್ಲಿ 300 ರೂಪಾಯಿಯ ಸಾಮಾನು ಕೊಂಡಿರುತ್ತಾನೆ. ಮೋಸಹೋದವರು ದೂರು ಕೊಟ್ಟಾಗ ಹಣದ ಜಾಡು ಹಿಡಿದ ಪೊಲೀಸರು ನಿಮ್ಮ ಖಾತೆಯನ್ನೂ ತಡೆಹಿಡಿಸುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂ ಅವರಿಗೆ ಜಪ್ತಿಯ ಅಧಿಕಾರ ಕೊಡುತ್ತದೆ, ಆದರೆ ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕೆಂದೂ ಹೇಳುತ್ತದೆ. 300 ರೂಪಾಯಿಗಾಗಿ ದುಡಿಮೆಯ ಹಣವನ್ನೆಲ್ಲ ಕಟ್ಟಿಹಾಕುವುದು ಅನ್ಯಾಯ. 2023ರಲ್ಲಿ ಕೇರಳ ಹೈಕೋರ್ಟ್, ತಡೆಯನ್ನು ಪೊಲೀಸರ ಆದೇಶದಲ್ಲಿ ಹೇಳಿದ ಮೊತ್ತಕ್ಕಷ್ಟೇ ಸೀಮಿತಗೊಳಿಸಬೇಕೆಂದು ಬ್ಯಾಂಕುಗಳಿಗೆ ಹೇಳಿತು.

ಹೀಗಾದಾಗ ಬ್ಯಾಂಕಿಗೆ ಬರಹದಲ್ಲಿ ಕೇಳಿ: ಯಾವ ಠಾಣೆ, ದೂರಿನ ಸಂಖ್ಯೆ ಏನು, ವಿವಾದದ ಮೊತ್ತ ಎಷ್ಟು? ಆ ಠಾಣೆಗೆ ಬಿಲ್ಲು, ಅಂಗಡಿಯ ಪರವಾನಗಿ ಪ್ರತಿ ಸಮೇತ ಇಮೇಲ್ ಮಾಡಿ, ಉಳಿದ ಹಣ ಬಿಡಿಸುವಂತೆ ಕೋರಿ. ಪ್ರಯೋಜನವಾಗದಿದ್ದರೆ ಅದೇ ಸಂಹಿತೆಯ 503ನೇ ಕಲಂ ಅಡಿ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ಬ್ಯಾಂಕ್ 30 ದಿನ ಕಳೆದರೂ ಮಾಹಿತಿಯನ್ನೇ ಕೊಡದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು, ವಿಚಾರಿಸಲು ಸಹಾಯವಾಣಿ 14448. ನೆನಪಿರಲಿ, ಪೊಲೀಸರ ತಡೆಯನ್ನು ತೆಗೆಸುವ ಅಧಿಕಾರ ಒಂಬುಡ್ಸ್‌ಮನ್‌ಗೆ ಇಲ್ಲ.

ನೀವೇ ಮೋಸ ಹೋದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಪಡೆಯಲು ಎಂದೂ ಯುಪಿಐ ಪಿನ್ ಒತ್ತಬೇಕಿಲ್ಲ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನೋಡಿ ಸಾಮಾನು ಕೊಡಬೇಡಿ, ನಿಮ್ಮ ಖಾತೆಗೆ ಬಂದಿತೇ ಎಂದು ನೋಡಿ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲುವುದು ಬೇಡ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಮುಂತಾದ ಕೆಲವು ವರ್ಗಗಳಿಗೆ ಆದಾಯದ ಮಿತಿಯಿಲ್ಲದೆ, ಉಳಿದವರಿಗೆ ಆದಾಯದ ಮಿತಿಯೊಳಗೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಅದರ ಕಚೇರಿ ಇರುತ್ತದೆ. ಸಹಾಯವಾಣಿ 15100.