ತನ್ನ ಊರು, ತನ್ನ ಮನೆ, ತನ್ನ ಸಹಿ

‘ನಾವು ಹೋದ ಮೇಲೆ ಇವನ ಗತಿ ಏನು?’ ವಿಕಲಚೇತನ ಮಕ್ಕಳಿರುವ ಮನೆಗಳಲ್ಲಿ ತಂದೆತಾಯಿಯ ನಿದ್ದೆಗೆಡಿಸುವ ಪ್ರಶ್ನೆ ಇದು. ಸಿಗುವ ಉತ್ತರಗಳು ಸಾಮಾನ್ಯವಾಗಿ ಎರಡೇ: ಒಡಹುಟ್ಟಿದವರ ಮನೆ, ಇಲ್ಲವೇ ಯಾವುದಾದರೂ ಆಶ್ರಮ. ಎರಡರಲ್ಲೂ ತೀರ್ಮಾನ ಮಾಡುವವರು ಬೇರೆಯವರು. ಯಾರ ಬದುಕಿನ ಮಾತು ನಡೆಯುತ್ತಿದೆಯೋ ಅವರನ್ನು ಕೇಳುವುದು ಎಲ್ಲ ಮುಗಿದ ಮೇಲೆ, ಅಥವಾ ಕೇಳುವುದೇ ಇಲ್ಲ. ಕಾನೂನು ಮೂರನೆಯದೊಂದು ದಾರಿಯನ್ನು ತೋರಿಸಿದೆ. ತನ್ನ ಊರಿನಲ್ಲೇ, ತನಗೆ ಬೇಕಾದ ನೆರವು ಪಡೆದು, ತನ್ನಿಚ್ಛೆಯಂತೆ ಬದುಕುವುದು. ಇದು ಯಾರೋ ಮಾಡುವ ಉಪಕಾರವಲ್ಲ, ಹಕ್ಕು. ಆದರೆ ಹಕ್ಕು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಅದನ್ನು ಕಾಗದದ ಮೇಲೆ ಕೇಳಬೇಕು, ಸರಿಯಾದ ಕಚೇರಿಯಲ್ಲಿ ಕೇಳಬೇಕು.

ಈ ಹಕ್ಕಿನ ಬೇರು ಇರುವುದು ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಕಲಂ 5ರಲ್ಲಿ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ ಇದರ ಹಿಂದಿದೆ. ಅದರ ಹಿಂದೆ ಇನ್ನೂ ಹಳೆಯ ಕಥೆಯಿದೆ. 1972ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಎಡ್ ರಾಬರ್ಟ್ಸ್ ಮತ್ತು ಅವರ ಸಂಗಡಿಗರು ‘ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್’ ಕಟ್ಟಿದರು. ಪೋಲಿಯೊದಿಂದ ಕತ್ತಿನ ಕೆಳಗೆ ಚಲನೆ ಕಳೆದುಕೊಂಡಿದ್ದ ರಾಬರ್ಟ್ಸ್‌ಗೆ ರಾತ್ರಿ ಉಸಿರಾಡಲೂ ಯಂತ್ರ ಬೇಕಿತ್ತು. ಎಲ್ಲವನ್ನೂ ಒಬ್ಬರೇ ಮಾಡಿಕೊಳ್ಳಬೇಕೆಂದು ಅವರು ಹೇಳಲಿಲ್ಲ. ನೆರವು ಯಾರಿಂದ, ಯಾವಾಗ, ಹೇಗೆ ಎಂಬುದನ್ನು ನೆರವು ಪಡೆಯುವವರೇ ನಿರ್ಧರಿಸಬೇಕೆಂದರು. ನಮ್ಮಲ್ಲೂ ಇಂಥ ಪ್ರಯತ್ನಗಳು ತೀರಾ ಹೊಸವಲ್ಲ. ಸ್ವತಃ ಪೋಲಿಯೊ ಪೀಡಿತರಾಗಿದ್ದ ಎನ್.ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ‘ದಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಸಂಸ್ಥೆ ಕಟ್ಟಿದ್ದು 1959ರಲ್ಲಿ.

ಕಲಂ 5 ಹೇಳುವುದಿಷ್ಟು: ವಿಕಲಚೇತನರಿಗೆ ಸಮುದಾಯದ ನಡುವೆ ಬದುಕುವ ಹಕ್ಕಿದೆ. ಇಂಥದೇ ಜಾಗದಲ್ಲಿ, ಇಂಥದೇ ವ್ಯವಸ್ಥೆಯಲ್ಲಿ ಇರಬೇಕೆಂಬ ಕಟ್ಟುಪಾಡಿಗೆ ಅವರನ್ನು ಒಳಪಡಿಸಬಾರದು. ಮನೆಯಲ್ಲೇ ಸಿಗುವ ಸೇವೆ, ವಸತಿ ಸೇವೆ, ವೈಯಕ್ತಿಕ ಸಹಾಯಕರ ನೆರವು ಇವೆಲ್ಲ ಅವರಿಗೆ ಎಟುಕುವಂತೆ ಸರ್ಕಾರ ಪ್ರಯತ್ನಿಸಬೇಕು. ಮೊದಲನೆಯ ಮಾತು ಗಟ್ಟಿಯಾಗಿದೆ. ಉಳಿದದ್ದನ್ನು ‘ಪ್ರಯತ್ನಿಸಬೇಕು’ ಎಂಬುದಕ್ಕೆ ಬಿಟ್ಟಿರುವುದರಿಂದ, ‘ಯೋಜನೆ ಇಲ್ಲ, ಅನುದಾನ ಇಲ್ಲ’ ಎನ್ನುವ ಅಧಿಕಾರಿಗೆ ನುಣುಚಿಕೊಳ್ಳಲು ಜಾಗ ಸಿಗುತ್ತದೆ. ಆದ್ದರಿಂದ ಕಲಂ 5 ಒಂದನ್ನೇ ನಂಬಿ ಅರ್ಜಿ ಬರೆಯಬೇಡಿ. ಅದರ ಜೊತೆಗೆ ಕಲಂ 38ನ್ನು ಸೇರಿಸಿ.

ನನ್ನ ಮಟ್ಟಿಗೆ ಈ ಇಡೀ ಕಾಯ್ದೆಯಲ್ಲಿ ತುಂಬ ಉಪಯುಕ್ತವಾದ, ಆದರೆ ಜನ ಅಷ್ಟಾಗಿ ಮುಟ್ಟದ ಕಲಂ ಅದೇ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಯಾರೇ ಆಗಲಿ, ತನಗೆ ಹೆಚ್ಚಿನ ಪ್ರಮಾಣದ ಬೆಂಬಲ ಬೇಕೆಂದು ಅನ್ನಿಸಿದರೆ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅವರ ಪರವಾಗಿ ಮನೆಯವರೋ ಸಂಸ್ಥೆಯೋ ಹಾಕಿದರೂ ನಡೆಯುತ್ತದೆ. ಪ್ರಾಧಿಕಾರ ಅದನ್ನು ಮೌಲ್ಯಮಾಪನ ಮಂಡಳಿಗೆ ಕಳಿಸಬೇಕು. ಬೆಂಬಲ ಬೇಕೇ, ಎಂಥದ್ದು ಬೇಕು ಎಂದು ಮಂಡಳಿ ವರದಿ ಕೊಟ್ಟ ಮೇಲೆ ಪ್ರಾಧಿಕಾರ ಸರ್ಕಾರದ ಯೋಜನೆಗಳಿಗೆ ಅನುಗುಣವಾಗಿ ಅದನ್ನು ಒದಗಿಸಲು ಕ್ರಮ ಕೈಗೊಳ್ಳಬೇಕು. ಬೆಂಬಲ ಎಂದರೆ ಊಟ, ಸ್ನಾನಕ್ಕೆ ಮಾತ್ರ ಸೀಮಿತವಲ್ಲ. ತಿಳಿದು ತೀರ್ಮಾನ ತೆಗೆದುಕೊಳ್ಳಲು, ಓದಲು, ಕೆಲಸಕ್ಕೆ ಹೋಗಲು, ಚಿಕಿತ್ಸೆ ಪಡೆಯಲು ಬೇಕಾದ ನೆರವೂ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತದೆ.

ಅರ್ಜಿಯನ್ನು ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ಕೊಟ್ಟು, ಕಲಂ 38ರ ಪ್ರಾಧಿಕಾರಕ್ಕೆ ರವಾನಿಸಬೇಕೆಂದು ಅದರಲ್ಲೇ ಕೋರಿ. ವಿಕಲಚೇತನರ ವಿಶಿಷ್ಟ ಗುರುತಿನ (ಯುಡಿಐಡಿ) ಕಾರ್ಡಿನ ಪ್ರತಿ ಲಗತ್ತಿಸಿ. ‘ಸೂಕ್ತ ಸಹಾಯ ಕಲ್ಪಿಸಬೇಕಾಗಿ ವಿನಂತಿ’ ಎಂದು ಬರೆದರೆ ಅದಕ್ಕೆ ಅಷ್ಟೇ ಗೊಡ್ಡು ಉತ್ತರ ಬರುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳಲು, ಶೌಚ ಮತ್ತು ಸ್ನಾನಕ್ಕೆ ಎಷ್ಟು ಹೊತ್ತು ಯಾರ ಕೈ ಬೇಕು, ಈಗ ಅದನ್ನು ಯಾರು ಮಾಡುತ್ತಿದ್ದಾರೆ, ಅವರ ವಯಸ್ಸೆಷ್ಟು, ಅವರಿಗೆ ಹುಷಾರು ತಪ್ಪಿದ ದಿನ ಏನಾಗುತ್ತದೆ, ವಾರಕ್ಕೆ ಎಷ್ಟು ಸಲ ಆಸ್ಪತ್ರೆಗೋ ಬ್ಯಾಂಕಿಗೋ ಹೋಗಬೇಕು ಎಂದು ಒಂದು ದಿನದ ಬದುಕನ್ನು ಇದ್ದ ಹಾಗೆ ಬರೆಯಿರಿ. ಮಹಿಳೆಗೆ ಮಹಿಳಾ ಸಹಾಯಕಿಯೇ ಬೇಕಿದ್ದರೆ ಅದನ್ನೂ ಬರೆಯಿರಿ. ನೆರವು ಕೊಡುವಾಗ ವಯಸ್ಸನ್ನೂ ಲಿಂಗವನ್ನೂ ಗಮನಿಸಬೇಕೆಂದು ಕಲಂ 5ರಲ್ಲೇ ಇದೆ. ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ವಿಷಯವನ್ನು ಕಲಂ 24 ಪ್ರಸ್ತಾಪಿಸುತ್ತದೆ. ಅದನ್ನೂ ಇದೇ ಅರ್ಜಿಯಲ್ಲಿ ಕೇಳಿ. ಟಪಾಲು ವಿಭಾಗದಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಬಾಯಿಮಾತಿನಲ್ಲಿ ‘ಆಗಲ್ಲ’ ಎಂದರೆ ಲಿಖಿತ ಹಿಂಬರಹ ಕೇಳಿ. ಮುಂದೆ ಮೇಲಿನವರ ಬಳಿ ಹೋಗುವಾಗ ಕೈಯಲ್ಲಿರಬೇಕಾದದ್ದು ಆ ಹಿಂಬರಹವೇ.

ಜಿಲ್ಲೆಗೆ ಹೋಗುವ ಮುಂಚೆ ಊರಿನಲ್ಲಿ ಮಾಡಬಹುದಾದ ಕೆಲಸವೂ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು), ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯು), ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಗೌರವಧನದ ಮೇಲೆ ದುಡಿಯುವ ಇವರಲ್ಲಿ ಹೆಚ್ಚಿನವರು ತಾವೇ ವಿಕಲಚೇತನರು. ಕಾರ್ಡು, ಪಿಂಚಣಿ, ಸಾಧನ ಸಲಕರಣೆಯ ಅರ್ಜಿಗಳಿಗೆ ಮೊದಲು ಹಿಡಿಯಬೇಕಾದದ್ದು ಇವರನ್ನೇ. ಅವರಿಗೆ ಸಿಗುವ ಗೌರವಧನ ನೋಡಿದರೆ ಅವರಿಂದ ಇನ್ನೂ ಹೆಚ್ಚು ಕೇಳಲು ನನಗಂತೂ ಸಂಕೋಚವಾಗುತ್ತದೆ.

ರಾಜ್ಯದ ಗ್ರಾಮ ಪಂಚಾಯಿತಿಗಳು ಶೇ 5ರಷ್ಟು ಹಣವನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಈ ಹಣದ ಮಾತು ಬಂದಾಗ ಹೆಚ್ಚಾಗಿ ನೆನಪಾಗುವುದು ವೇದಿಕೆ, ಫೋಟೊ, ಕೈಗಿಡುವ ಒಂದು ವಸ್ತು. ಅದು ಬೇಡವೆಂದಲ್ಲ. ಆದರೆ ಒಬ್ಬರು ಮನೆಯಿಂದ ಹೊರಗೆ ಬರಲು ಬೇಕಾದದ್ದು ಹೊಸಿಲಿನ ಮುಂದೊಂದು ಇಳಿಜಾರು, ವೀಲ್‌ಚೇರ್ ಒಳಗೆ ಹೋಗುವಷ್ಟು ಅಗಲದ ಶೌಚಾಲಯದ ಬಾಗಿಲು, ಅಂಗನವಾಡಿಗೂ ಪಂಚಾಯಿತಿ ಕಟ್ಟಡಕ್ಕೂ ಕೈಹಿಡಿ ಕಂಬಿ. ಗ್ರಾಮಸಭೆಯಲ್ಲಿ ಈ ಬೇಡಿಕೆ ಇಡಿ, ನಡವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಕೂತಿರಿ. ಹಣ ಎಲ್ಲಿ ಖರ್ಚಾಯಿತೆಂದು ತಿಳಿಯಬೇಕಿದ್ದರೆ ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು.

ಇನ್ನು ಹಣ ಮತ್ತು ಆಸ್ತಿ. ಸ್ವತಂತ್ರ ಬದುಕಿನ ಮಾತು ಮುರಿದು ಬೀಳುವುದು ಬಹುಪಾಲು ಇಲ್ಲೇ. ಅಂಗವೈಕಲ್ಯ ಇದೆಯೆಂದು ಪಾಲು ತಪ್ಪಿಸುವ ಹಾಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಕಲಂ 28ರ ಪ್ರಕಾರ ಕಾಯಿಲೆ, ಊನ, ವಿಕಲತೆಯ ಕಾರಣಕ್ಕೆ ಯಾರೂ ಉತ್ತರಾಧಿಕಾರಕ್ಕೆ ಅನರ್ಹರಾಗುವುದಿಲ್ಲ. 2016ರ ಕಾಯ್ದೆಯ ಕಲಂ 13 ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ: ಆಸ್ತಿ ಹೊಂದುವುದು, ಹಣಕಾಸು ನೋಡಿಕೊಳ್ಳುವುದು, ಬ್ಯಾಂಕ್ ಸಾಲ ಪಡೆಯುವುದು ವಿಕಲಚೇತನರಿಗೂ ಸಮಾನ ಹಕ್ಕು. ನೆರವಿಗೆ ನಿಂತವರಿಗೂ ಇವರಿಗೂ ಒಂದು ಆಸ್ತಿ ವ್ಯವಹಾರದಲ್ಲಿ ಹಿತಾಸಕ್ತಿಯ ತಿಕ್ಕಾಟ ಬಂದರೆ, ಆ ವ್ಯವಹಾರದ ಮಟ್ಟಿಗೆ ನೆರವುದಾರರು ದೂರ ಸರಿಯಬೇಕು. ತಂಗಿಯ ಪಾಲಿನ ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಲು ಕೈ ಹಿಡಿದು ಕರೆದೊಯ್ಯುವ ಅಣ್ಣನೇ ಆ ಪಾಲು ಪಡೆಯುವವನಾಗಿದ್ದರೆ ಈ ಮಾತು ನೇರವಾಗಿ ಅವನಿಗೇ. ನೆರವುದಾರರು ಸರಿಯಿಲ್ಲವೆನ್ನಿಸಿದರೆ ಅವರನ್ನು ಬದಲಿಸುವ ಹಕ್ಕೂ ಅದೇ ಕಲಂನಲ್ಲಿದೆ.

ದೃಷ್ಟಿ ಇಲ್ಲದವರಿಗೆ ಚೆಕ್‌ಬುಕ್, ಎಟಿಎಂ ಕಾರ್ಡ್, ಲಾಕರ್ ಕೊಡಲು ತಾರತಮ್ಯ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಕಣ್ಣು ಕಾಣದಿರುವುದಕ್ಕೆ, ಕಿವಿ ಕೇಳದಿರುವುದಕ್ಕೆ, ಕೈಕಾಲು ಆಡದಿರುವುದಕ್ಕೆ ಪಾಲಕರು ಬೇಕಿಲ್ಲ. ಕೌಂಟರಿನಲ್ಲಿ ‘ಗಾರ್ಡಿಯನ್ ಕರ್ಕೊಂಡು ಬನ್ನಿ’ ಎಂದರೆ, ಯಾವ ನಿಯಮದಡಿ ಎಂದು ಬರೆದುಕೊಡಲು ಕೇಳಿ.

ಹಾಗಾದರೆ ಪಾಲಕರು ಬೇಕಾಗುವುದು ಯಾವಾಗ? ಸಾಕಷ್ಟು ನೆರವು ಕೊಟ್ಟ ಮೇಲೂ ಕಾನೂನುಬದ್ಧ ತೀರ್ಮಾನ ತೆಗೆದುಕೊಳ್ಳಲಾಗದಿದ್ದಾಗ ಮಾತ್ರ. ಕಲಂ 14ರ ಸೀಮಿತ ಪಾಲಕತ್ವ ಒಂದು ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಇಚ್ಛೆಗೆ ತಕ್ಕಂತೆ ಸಿಗುವಂಥದ್ದು. ಅದನ್ನು ಕೊಡುವುದು ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹು ವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸ ಕಾಯ್ದೆ, 1999ರಡಿ ಇನ್ನೊಂದು ದಾರಿಯಿದೆ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ತಂದೆತಾಯಿ ಮರೆಯುವ ಸಂಗತಿ ಒಂದಿದೆ: ಮಗುವಿಗೆ 18 ತುಂಬಿದ ದಿನ ಅವರ ಸಹಜ ಪಾಲಕತ್ವ ಮುಗಿಯುತ್ತದೆ. ಈ ಸಮಿತಿಯಿಂದ ನೇಮಕವಾದವರು ಆರು ತಿಂಗಳೊಳಗೆ ಸ್ಥಿರಾಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಹಣ ದುರುಪಯೋಗವಾದರೆ, ನೋಡಿಕೊಳ್ಳದೆ ಬಿಟ್ಟರೆ ತಂದೆ, ತಾಯಿ, ಸಂಬಂಧಿ ಅಥವಾ ನೋಂದಾಯಿತ ಸಂಸ್ಥೆ ಆ ಪಾಲಕರನ್ನು ತೆಗೆಯಲು ಅರ್ಜಿ ಹಾಕಬಹುದು. ಅಂದರೆ ಪಾಲಕರು ಒಡೆಯರಲ್ಲ, ಲೆಕ್ಕ ಕೊಡಬೇಕಾದವರು. ಇದೇ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಸಿಗುತ್ತದೆ.

ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಂಡವರ ವಿಷಯದಲ್ಲಿ ಕಾನೂನು ಇನ್ನೂ ಖಚಿತ. ಮನೆಯವರು ಕರೆದೊಯ್ಯಲು ಒಪ್ಪುತ್ತಿಲ್ಲ, ಮನೆಯಿಲ್ಲ, ಊರಲ್ಲಿ ಸೌಲಭ್ಯವಿಲ್ಲ ಎಂಬ ಕಾರಣಕ್ಕೆ ಮಾತ್ರವೇ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದು ಎನ್ನುತ್ತದೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಕಲಂ 19. ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕನ್ನು ಚಲಾಯಿಸಲು ಕಾನೂನು ನೆರವು ಸೇರಿದಂತೆ ಬೆಂಬಲ ಕೊಡುವುದು ಸರ್ಕಾರದ ಹೊಣೆ. ಮಕ್ಕಳ ವಿಷಯ: ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ತಂದೆತಾಯಿಯಿಂದ ಬೇರ್ಪಡಿಸಲು ನ್ಯಾಯಾಲಯದ ಆದೇಶವೇ ಬೇಕು.

ವಸತಿ ಯೋಜನೆಗಳಲ್ಲಿ ಶೇ 40 ಅಥವಾ ಹೆಚ್ಚು ವೈಕಲ್ಯ ಇರುವವರಿಗೆ ಶೇ 5 ಮೀಸಲಾತಿ ಇದೆ, ಮಹಿಳೆಯರಿಗೆ ಆದ್ಯತೆ. ಮನೆ ಮಂಜೂರಾದಾಗ ನೆಲಮಹಡಿಯನ್ನೇ ಕೇಳಿ. ಕಟ್ಟಡಗಳ ಬಗ್ಗೆ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು ಕೊಟ್ಟಿತು. ಪ್ರವೇಶ ಸೌಲಭ್ಯದ ಮಾನದಂಡಗಳನ್ನು ಬರೀ ಸಲಹೆಗಳಂತೆ ಇಟ್ಟಿದ್ದ ನಿಯಮ ಕಾಯ್ದೆಗೆ ವಿರುದ್ಧ ಎಂದು ಹೇಳಿ, ಕಡ್ಡಾಯ ಮಾನದಂಡಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ವಿಧಿಸಿತು.

ಕೆಲವರಿಗೆ ಗುಂಪು ಮನೆಯೇ ಇಷ್ಟವಾಗಬಹುದು, ಅದೂ ಅವರ ಆಯ್ಕೆ. ಸೇರುವ ಮೊದಲು 2016ರ ಕಾಯ್ದೆಯ ಕಲಂ 50ರ ಪ್ರಕಾರ ನೋಂದಣಿ ಪ್ರಮಾಣಪತ್ರ ಇದೆಯೇ ನೋಡಿ. ಅದಿಲ್ಲದೆ ವಿಕಲಚೇತನರ ಸಂಸ್ಥೆ ನಡೆಸುವಂತಿಲ್ಲ. ಜೊತೆಗೆ ಕೆಲವು ಪ್ರಶ್ನೆ ಕೇಳಿ. ಫೋನ್ ಇಟ್ಟುಕೊಳ್ಳಬಹುದೇ? ಭಾನುವಾರ ತಾನಾಗಿ ಹೊರಗೆ ಹೋಗಿ ಬರಬಹುದೇ? ಪಿಂಚಣಿಯ ಪಾಸ್‌ಬುಕ್ ಯಾರ ಬಳಿ ಇರುತ್ತದೆ? ಬಿಟ್ಟು ಹೋಗಬೇಕೆನಿಸಿದರೆ ಏನು ಮಾಡಬೇಕು? ಗೋಡೆಯ ಬಣ್ಣಕ್ಕಿಂತ ಈ ಉತ್ತರಗಳು ಮುಖ್ಯ.

ಹೊಡೆತ, ಬೈಗುಳ, ಕೂಡಿಹಾಕುವುದು ಮನೆಯಲ್ಲಿ ನಡೆದರೂ ಸಂಸ್ಥೆಯಲ್ಲಿ ನಡೆದರೂ ಕಾನೂನು ಒಂದೇ. ಕಲಂ 7ರಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ತಾಲ್ಲೂಕಿನಲ್ಲಿ ತಹಶೀಲ್ದಾರರಿಗೆ, ನೆರೆಮನೆಯವರೂ ಮಾಹಿತಿ ಕೊಡಬಹುದು. ನಡೆದ ಮೇಲೆಯೇ ಎಂದಿಲ್ಲ, ನಡೆಯುವ ಸಂಭವವಿದ್ದರೂ ಸಾಕು. ಅವರು ಆ ವ್ಯಕ್ತಿಯನ್ನು ಬಿಡಿಸಿ ತರಲು, ರಕ್ಷಣೆ ಮತ್ತು ಜೀವನಾಂಶ ಒದಗಿಸಲು ಆದೇಶ ಮಾಡಬಹುದು. ನೋಡಿಕೊಳ್ಳುವ ಹೊಣೆ ಹೊತ್ತವರು ಬೇಕೆಂದೇ ಅನ್ನ ನೀರು ಕೊಡದಿರುವುದು, ಊರುಗೋಲು, ವೀಲ್‌ಚೇರ್, ಶ್ರವಣ ಸಾಧನ ಹಾಳುಮಾಡುವುದು ಅಥವಾ ಬಳಸಲು ಬಿಡದಿರುವುದು ಕಲಂ 92ರಡಿ ಅಪರಾಧ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ, ಜೊತೆಗೆ ದಂಡ. ಸಿಟ್ಟು ಬಂದಾಗ ವೀಲ್‌ಚೇರನ್ನು ಅಟ್ಟಕ್ಕೆ ಹಾಕಿ ‘ಬಿದ್ದಿರು ಅಲ್ಲೇ’ ಎನ್ನುವ ಮನೆಯವರಿಗೆ ಇದು ಗೊತ್ತಿರಲಿ.

ಇಲಾಖೆಗಳು ಅರ್ಜಿಗೆ ಕಿವಿಗೊಡದಿದ್ದರೆ ಇದೇ ಕಾಯ್ದೆಯಡಿ ನೇಮಕವಾಗುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ವಿಚಾರಣೆಯ ವೇಳೆ ಸಾಕ್ಷಿ ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಮಾಡಿದ ಶಿಫಾರಸಿನ ಮೇಲೆ ಏನು ಕ್ರಮವಾಯಿತೆಂದು ಸಂಬಂಧಪಟ್ಟ ಇಲಾಖೆ ಮೂರು ತಿಂಗಳೊಳಗೆ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಹೇಳಬೇಕು. ಶಿಫಾರಸು ತೀರ್ಪಿಗೆ ಸಮವಲ್ಲ ಎಂಬುದು ಈ ವ್ಯವಸ್ಥೆಯ ಮಿತಿ. ಅಲ್ಲಿಯೂ ಕೆಲಸವಾಗದಿದ್ದರೆ ಸಂವಿಧಾನದ 226ನೇ ವಿಧಿಯಡಿ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿ ಹಾಕಬೇಕು. ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ಕಲಂ 12ರ ಪ್ರಕಾರ ವಿಕಲಚೇತನರಿಗೆ ಉಚಿತ ಕಾನೂನು ನೆರವಿದೆ, ಆದಾಯ ಮಿತಿಯ ಅಡ್ಡಿಯಿಲ್ಲ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೋಗಲು ಆಗದಿದ್ದರೆ 15100ಕ್ಕೆ ಕರೆ ಮಾಡಿ. ಮಾತಾಡುವುದು ಕಷ್ಟವಾದರೆ ಇನ್ನೊಬ್ಬರ ಕೈಲಿ ಮಾತಾಡಿಸಿದರೂ ಸರಿ, ಅರ್ಜಿಯನ್ನು ಮಾತ್ರ ನಿಮ್ಮ ಹೆಸರಿನಲ್ಲೇ ಬರೆಸಿ.