ಉದ್ಯೋಗ ವಿನಿಮಯ ಕಚೇರಿ: ಕಾನೂನು ಕೊಟ್ಟಿದ್ದೆಷ್ಟು, ಕೊಡದ್ದೆಷ್ಟು

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂದ ವಾರವೇ ಜಿಲ್ಲಾ ಕೇಂದ್ರದ ಬಸ್ಸು ಹತ್ತಿ ಎಂಪ್ಲಾಯ್‌ಮೆಂಟ್ ಆಫೀಸಿನ ಮುಂದೆ ಸಾಲು ನಿಲ್ಲುತ್ತಿದ್ದ ತಲೆಮಾರೊಂದು ಕರ್ನಾಟಕದಲ್ಲಿದೆ. ಅಲ್ಲಿ ಹೆಸರು ಬರೆಸಿದರೆ ಎಕ್ಸ್-10 ಎಂಬ ಸಣ್ಣ ಗುರುತಿನ ಚೀಟಿ ಸಿಗುತ್ತಿತ್ತು. ಅದನ್ನು ಜೋಪಾನವಾಗಿ ಟ್ರಂಕಿನಲ್ಲಿಟ್ಟು, ಇಂಟರ್‌ವ್ಯೂ ಕಾರ್ಡಿಗಾಗಿ ಅಂಚೆಯಣ್ಣನ ದಾರಿ ಕಾಯುವುದು ಆಗಿನ ರೂಢಿ. ಹೆಸರು ಬರೆಸಿದ್ದೇವೆ, ಸರದಿ ಬಂದಾಗ ಸರ್ಕಾರವೇ ಕರೆಯುತ್ತದೆ ಎಂದು ಆಗ ನಂಬಿದ್ದರು. ಆ ಕಚೇರಿಯಿಂದ ಏನೂ ಆಗುವುದಿಲ್ಲ ಎಂದು ಇಂದಿನ ಹುಡುಗರು ನಂಬಿದ್ದಾರೆ. ಕಾನೂನು ಓದಿ ನೋಡಿದರೆ ಎರಡೂ ಸರಿಯಲ್ಲ. ಈ ತಪ್ಪು ತಿಳಿವಳಿಕೆಯ ಲಾಭ ಪಡೆಯುವವರು ಮಾತ್ರ ಕೆಲಸ ಕೊಡಿಸುತ್ತೇನೆಂದು ದುಡ್ಡು ಕೀಳುವ ದಲ್ಲಾಳಿಗಳು.

ಈ ವ್ಯವಸ್ಥೆ ಹುಟ್ಟಿದ್ದು 1945ರಲ್ಲಿ. ಎರಡನೇ ಮಹಾಯುದ್ಧ ಮುಗಿಸಿ ಸೇನೆಯಿಂದ ಬಿಡುಗಡೆಯಾದ ಸೈನಿಕರಿಗೆ ಬದುಕಿನ ದಾರಿ ತೋರಿಸಲು ಕೇಂದ್ರ ಸರ್ಕಾರ ಪುನರ್ವಸತಿ ಮತ್ತು ಉದ್ಯೋಗ ನಿರ್ದೇಶನಾಲಯವನ್ನು ತೆರೆಯಿತು. 1948ರಲ್ಲಿ ಅದರ ಬಾಗಿಲು ಎಲ್ಲ ನಾಗರಿಕರಿಗೂ ತೆರೆಯಿತು. ಮುಂದೆ ಈ ಸೇವೆ ಹೇಗಿರಬೇಕೆಂದು ಪರಿಶೀಲಿಸಲು 1952ರಲ್ಲಿ ನೇಮಕವಾದ ಸಮಿತಿಯ ಮುಖ್ಯಸ್ಥರು ನಮ್ಮ ಮಂಗಳೂರಿನವರೇ ಆದ ಬೆನಗಲ್ ಶಿವರಾವ್. ಪತ್ರಕರ್ತರೂ ಸಂವಿಧಾನ ಸಭೆಯ ಸದಸ್ಯರೂ ಆಗಿದ್ದವರು ಅವರು. ಸಮಿತಿಯ ವರದಿಯ ನಂತರ ವಿನಿಮಯ ಕಚೇರಿಗಳ ದಿನನಿತ್ಯದ ಆಡಳಿತ ರಾಜ್ಯಗಳಿಗೆ ವರ್ಗವಾಯಿತು. ಆ ದಿನ 1956ರ ನವೆಂಬರ್ 1. ಕನ್ನಡ ನಾಡು ಒಂದಾದ ದಿನವೇ ಈ ಕಚೇರಿಗಳ ಹೊಣೆಯೂ ರಾಜ್ಯದ ಕೈ ಸೇರಿತು.

ಕಾನೂನಿನ ಬೆಂಬಲ ಬಂದದ್ದು 1959ರಲ್ಲಿ, ಖಾಲಿ ಹುದ್ದೆಗಳ ಕಡ್ಡಾಯ ಅಧಿಸೂಚನೆ ಕಾಯ್ದೆಯ ಮೂಲಕ. 1960ರ ಮೇ 1ರಿಂದ ಅದು ಜಾರಿಗೆ ಬಂತು. ಕಾಯ್ದೆ ಹೇಳಿದ್ದು ಇಷ್ಟು: ಸರ್ಕಾರಿ ವಲಯದ ಸಂಸ್ಥೆಗಳು, ಹಾಗೂ 25 ಅಥವಾ ಹೆಚ್ಚು ಮಂದಿ ದುಡಿಯುವ ಕೃಷಿಯೇತರ ಖಾಸಗಿ ಸಂಸ್ಥೆಗಳು ಹುದ್ದೆ ಖಾಲಿಯಾದರೆ ವಿನಿಮಯ ಕಚೇರಿಗೆ ತಿಳಿಸಲೇಬೇಕು. ಸಂದರ್ಶನ ಅಥವಾ ಪರೀಕ್ಷೆಗೆ ಕನಿಷ್ಠ 15 ದಿನ ಮುಂಚೆ ತಿಳಿಸಬೇಕು. ಹುದ್ದೆ ಯಾವುದು, ಎಷ್ಟು, ವಿದ್ಯಾರ್ಹತೆ ಏನು, ಸಂಬಳವೆಷ್ಟು, ಕೆಲಸದ ಸ್ಥಳ ಎಲ್ಲಿ, ಎಲ್ಲವೂ ಅದರಲ್ಲಿರಬೇಕು. ಕೃಷಿ ಕೆಲಸ, ಮನೆಗೆಲಸ, ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸ, ಕಚೇರಿಯ ಕೌಶಲರಹಿತ ಕೆಲಸಗಳಿಗೆ ಇದರಿಂದ ವಿನಾಯಿತಿ ಇತ್ತು.

ಇದೇ ಕಾಯ್ದೆಯ ನಾಲ್ಕನೇ ಕಲಮಿನ ಕೊನೆಯಲ್ಲಿ ಇನ್ನೊಂದು ಮಾತಿದೆ. ಹುದ್ದೆ ಖಾಲಿ ಇದೆಯೆಂದು ತಿಳಿಸಿದ ಮಾತ್ರಕ್ಕೆ ವಿನಿಮಯ ಕಚೇರಿ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡು ಮಾಲೀಕರಿಗಿಲ್ಲ. ಸಾವಿರಾರು ಮನೆಗಳಲ್ಲಿ ಕಾರ್ಡು ಹಿಡಿದು ಕಾದವರಿಗೆ ಯಾರೂ ಬಿಡಿಸಿ ಹೇಳದ ಸಂಗತಿ ಇದು. ಕಾನೂನು ಕೊಟ್ಟದ್ದು ಸುದ್ದಿ ತಿಳಿಯುವ ಅವಕಾಶ, ಹೆಸರು ಪರಿಗಣನೆಗೆ ಹೋಗುವ ಅವಕಾಶ. ಕೆಲಸದ ಖಾತರಿಯನ್ನು ಅದು ಎಂದೂ ಕೊಟ್ಟಿರಲಿಲ್ಲ. ಸುದ್ದಿ ಮುಚ್ಚಿಟ್ಟ ಮಾಲೀಕರಿಗಿದ್ದ ದಂಡವಾದರೂ ಎಷ್ಟು? ಮೊದಲ ತಪ್ಪಿಗೆ 500 ರೂಪಾಯಿಯವರೆಗೆ, ಆಮೇಲಿನ ತಪ್ಪುಗಳಿಗೆ 1000 ರೂಪಾಯಿಯವರೆಗೆ. ದಶಕಗಳು ಉರುಳಿದರೂ ಈ ಮೊತ್ತ ಮೇಲೇರಲಿಲ್ಲ. ಕಾಯ್ದೆ ಹಲ್ಲಿಲ್ಲದ್ದಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣ.

ಈಗ ಚೌಕಟ್ಟು ಬದಲಾಗಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಒಂದಾದ 2020ರ ಸಾಮಾಜಿಕ ಭದ್ರತಾ ಸಂಹಿತೆ 1959ರ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಸಂಹಿತೆ ಬಳಸುವ ಹೆಸರು ‘ವೃತ್ತಿ ಕೇಂದ್ರ’. ಹಳೆಯ ವಿನಿಮಯ ಕಚೇರಿಯೂ ಅದರಲ್ಲಿ ಬರುತ್ತದೆ, ಆನ್‌ಲೈನ್ ಪೋರ್ಟಲ್ ಕೂಡ ಬರುತ್ತದೆ. ಹುದ್ದೆ ಖಾಲಿಯಿದ್ದರೆ ತಿಳಿಸಬೇಕೆಂಬ ನಿಯಮ ಮುಂದುವರಿದಿದೆ, ಅಲ್ಲಿಂದಲೇ ನೇಮಕ ಮಾಡಿಕೊಳ್ಳಬೇಕಿಲ್ಲ ಎಂಬುದೂ ಮುಂದುವರಿದಿದೆ.

ಹಾಗಾದರೆ ಹೆಸರು ಬರೆಸಬೇಕೇ? ಬರೆಸಲೇಬೇಕು, ಆದರೆ ಸರಿಯಾಗಿ ಬರೆಸಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆ, ಅಂದರೆ ಎನ್‌ಸಿಎಸ್ ಪೋರ್ಟಲ್, 2015ರ ಜುಲೈ 20ರಿಂದ ನಡೆಯುತ್ತಿದೆ. ನೋಂದಣಿ ಉಚಿತ, ಸಹಾಯವಾಣಿ 1514. ರಾಜ್ಯದ ಕೌಶಲ ಅಭಿವೃದ್ಧಿ ನಿಗಮ ನಡೆಸುವ ಸ್ಕಿಲ್ ಕನೆಕ್ಟ್ ಪೋರ್ಟಲ್‌ಗೂ ಶುಲ್ಕವಿಲ್ಲ. ಕಂಪ್ಯೂಟರ್ ಗೊತ್ತಿಲ್ಲದವರು ಆಧಾರ್, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಹಿಡಿದು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಹೋಗಿ ವಿಚಾರಿಸಬಹುದು.

ಹೆಚ್ಚಿನವರು ಎಡವುವುದು ಒಂದು ಕಡೆ. ಹಾವೇರಿ ಕಡೆಯ ಹುಡುಗಿಯೊಬ್ಬಳು ಫಿಟ್ಟರ್ ಟ್ರೇಡಿನಲ್ಲಿ ಐಟಿಐ ಮುಗಿಸಿದ್ದಾಳೆ ಎಂದಿಟ್ಟುಕೊಳ್ಳೋಣ. ಅರ್ಜಿಯಲ್ಲಿ ಅವಳು ‘ಐಟಿಐ ಪಾಸ್, ಯಾವ ಕೆಲಸವಾದರೂ ಸರಿ’ ಎಂದು ಬರೆದರೆ ಅವಳ ಹೆಸರು ಸಾವಿರ ಹೆಸರುಗಳ ನಡುವೆ ಕಳೆದುಹೋಗುತ್ತದೆ. ಕಾರಣ, ಕೆಲಸ ಮತ್ತು ಕೆಲಸಗಾರರನ್ನು ಜೋಡಿಸಲು ಬಳಕೆಯಾಗುವುದು ಉದ್ಯೋಗಗಳ ರಾಷ್ಟ್ರೀಯ ವರ್ಗೀಕರಣ. ಇದರ 2015ರ ಆವೃತ್ತಿಯಲ್ಲಿ ಪ್ರತಿ ಕಸುಬಿಗೂ ಎಂಟು ಅಂಕಿಯ ಸಂಕೇತವಿದೆ. ಕಾರ್ಖಾನೆಯವರು ಫಿಟ್ಟರ್ ಬೇಕೆಂದಾಗ ಮೊದಲು ಹುಡುಕುವುದು ಆ ಸಂಕೇತದಡಿ ಇರುವ ಹೆಸರುಗಳನ್ನೇ. ಆದ್ದರಿಂದ ಟ್ರೇಡ್ ಹೆಸರು, ಪಾಸಾದ ವರ್ಷ, ಲೇತ್ ಮೇಲೆ ಕೈ ಓಡುತ್ತದೆಯೇ, ವರ್ನಿಯರ್ ಕ್ಯಾಲಿಪರ್ ಮತ್ತು ಮೈಕ್ರೋಮೀಟರ್ ಓದಲು ಬರುತ್ತದೆಯೇ, ಪಾಳಿಯಲ್ಲಿ ದುಡಿಯಲು ಒಪ್ಪಿಗೆಯೇ, ಎಷ್ಟು ದೂರ ಹೋಗಲು ಸಿದ್ಧ ಎಂಬುದನ್ನೆಲ್ಲ ಬಿಡಿಸಿ ಬರೆಸಬೇಕು. ಹೊಸ ಸರ್ಟಿಫಿಕೇಟ್ ಬಂದಾಗ ಸೇರಿಸಬೇಕು. ಮೊಬೈಲ್ ನಂಬರ್ ಬದಲಾದರೆ ಅವತ್ತೇ ತಿದ್ದಿಸಬೇಕು. ಕಾರ್ಡು ಪದ್ಧತಿಯಲ್ಲಿ ನೋಂದಾಯಿಸಿದವರು ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. ಆ ತಿಂಗಳು ಮರೆತು ಹಿರಿತನ ಕಳೆದುಕೊಂಡವರು ಎಷ್ಟೋ ಮಂದಿ.

ಅಂಗವಿಕಲ ಅಭ್ಯರ್ಥಿಗಳಿಗೆ ಕಾನೂನಿನಲ್ಲೇ ಬೇರೆ ದಾರಿ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 36ನೇ ಕಲಂ ವಿಶೇಷ ಉದ್ಯೋಗ ವಿನಿಮಯ ಕಚೇರಿಯ ಮಾತಾಡುತ್ತದೆ. ಅಂಗವಿಕಲರಿಗಾಗಿ ಖಾಲಿ ಇರುವ ಹುದ್ದೆಗಳ ವಿವರ ಕೊಡುವಂತೆ ಸರ್ಕಾರ ಅಧಿಸೂಚನೆ ಹೊರಡಿಸಿ ಮಾಲೀಕರಿಗೆ ಹೇಳಬಹುದು. ಸರ್ಕಾರಿ ಸಂಸ್ಥೆಗಳಲ್ಲಿ ಕನಿಷ್ಠ ಶೇ. 4ರ ಮೀಸಲಾತಿಯನ್ನು ಅದೇ ಕಾಯ್ದೆಯ 34ನೇ ಕಲಂ ಕೊಟ್ಟಿದೆ.

ಸರ್ಕಾರಿ ಕೆಲಸದ ವಿಷಯಕ್ಕೆ ಬಂದರೆ, ‘ಎಂಪ್ಲಾಯ್‌ಮೆಂಟ್ ಆಫೀಸಿನಿಂದ ನಿಮ್ಮ ಹೆಸರು ಬಂದಿಲ್ಲ, ಅರ್ಜಿ ತೆಗೆದುಕೊಳ್ಳುವುದಿಲ್ಲ’ ಎಂಬ ಉತ್ತರ ಕೇಳಿ ಹಿಂದಿರುಗಿದವರು ಬಹಳ. 1987ರ ಹರಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿನಿಮಯ ಕಚೇರಿಯಿಂದಲೇ ತೆಗೆದುಕೊಳ್ಳಬೇಕೆಂದು 1959ರ ಕಾಯ್ದೆ ಹೇಳುವುದಿಲ್ಲವೆಂದು ಸ್ಪಷ್ಟಪಡಿಸಿತು. ಸರ್ಕಾರ ತನ್ನ ಇಲಾಖೆಗಳಿಗೆ ಹಾಗೆ ಸೂಚನೆ ಕೊಟ್ಟಿದ್ದರೆ ಅದನ್ನು ತಪ್ಪೆನ್ನಲಿಲ್ಲ. 1996ರ ವಿಶ್ವೇಶ್ವರ ರಾವ್ ಪ್ರಕರಣದಲ್ಲಿ ಕೋರ್ಟು ಇನ್ನೂ ಮುಂದೆ ಹೋಯಿತು: ವಿನಿಮಯ ಕಚೇರಿಯಿಂದ ಹೆಸರು ತರಿಸಿಕೊಳ್ಳುವುದರ ಜೊತೆಗೆ ಪತ್ರಿಕೆಗಳಲ್ಲೂ ಪ್ರಕಟಿಸಬೇಕು, ನೋಟಿಸ್ ಬೋರ್ಡಿಗೆ ಹಾಕಬೇಕು, ರೇಡಿಯೋ ಮತ್ತು ಟಿವಿಯಲ್ಲೂ ತಿಳಿಸಬೇಕು, ಅರ್ಜಿ ಹಾಕಿದ ಎಲ್ಲರನ್ನೂ ಪರಿಗಣಿಸಬೇಕು. ಸಂವಿಧಾನದ 16ನೇ ವಿಧಿ ಹೇಳುವ ಸಮಾನ ಅವಕಾಶಕ್ಕೆ ಊರ ಬಸ್‌ಸ್ಟ್ಯಾಂಡಿನವರೆಗೂ ಬರುವ ಅರ್ಥ ಕೊಟ್ಟ ತೀರ್ಪಿದು.

ಇದರ ಇನ್ನೊಂದು ಮುಖ ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಈ ವ್ಯಾಜ್ಯದಲ್ಲಿ 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೀರ್ಪಿತ್ತಿತು. ಬಹಿರಂಗ ಪ್ರಕಟಣೆ, ಸ್ಪರ್ಧೆ, ಆಯ್ಕೆ ಇಲ್ಲದೆ ಹಿಂಬಾಗಿಲಿನಿಂದ ಸೇರಿದವರು ಕಾಯಮಾತಿಯನ್ನು ಹಕ್ಕೆಂದು ಕೇಳುವಂತಿಲ್ಲ ಎಂಬುದು ಅದರ ತಿರುಳು. ಈ ತೀರ್ಪನ್ನೇ ಗುರಾಣಿ ಮಾಡಿಕೊಂಡು ದಶಕಗಳ ಕಾಲ ದುಡಿದವರನ್ನು ಹೊರಹಾಕುವುದು ಸರಿಯಲ್ಲವೆಂದು 2024ರ ಡಿಸೆಂಬರ್‌ನ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಎರಡನ್ನೂ ಒಟ್ಟಿಗೆ ಓದಬೇಕು. ‘ಈಗ ಟೆಂಪರರಿ ಆಗಿ ಸೇರು, ಆಮೇಲೆ ಪರ್ಮನೆಂಟ್ ಮಾಡಿಸುತ್ತೇನೆ’ ಎಂದು ಲಕ್ಷ ಕೇಳುವವರ ಮಾತಿಗೆ ಈ ಎರಡು ತೀರ್ಪುಗಳಲ್ಲಿ ಯಾವುದರಲ್ಲೂ ಆಧಾರವಿಲ್ಲ.

ಉದ್ಯೋಗ ಮೇಳಗಳ ವಿಷಯವೇ ಬೇರೆ. 2024ರ ಫೆಬ್ರುವರಿ 26 ಮತ್ತು 27ರಂದು ಬೆಂಗಳೂರು ಅರಮನೆ ಮೈದಾನದಲ್ಲಿ ರಾಜ್ಯ ಸರ್ಕಾರ ನಡೆಸಿದ ಯುವ ಸಮೃದ್ಧಿ ಸಮ್ಮೇಳನದಂಥ ದೊಡ್ಡ ಮೇಳಗಳಿವೆ, ಜಿಲ್ಲಾ ವಿನಿಮಯ ಕಚೇರಿಗಳು ಕಾಲೇಜು ಆವರಣದಲ್ಲಿ ನಡೆಸುವ ಚಿಕ್ಕ ಮೇಳಗಳೂ ಇವೆ. ಅಲ್ಲಿ ಟೇಬಲ್ ಮುಂದೆ ಕೂತ ಅಭ್ಯರ್ಥಿಗೆ ಪ್ರಶ್ನೆ ಕೇಳುವ ಹಕ್ಕಿದೆ ಎಂಬುದು ನಮ್ಮ ಮಕ್ಕಳಿಗೆ ಹೊಳೆಯುವುದೇ ಇಲ್ಲ. ಸಂಬಳ ಕೊಡುವವರು ಕಂಪನಿಯೋ, ನಡುವಿನ ಏಜೆನ್ಸಿಯೋ? ಹೇಳಿದ ಸಂಬಳದಲ್ಲಿ ಪಿಎಫ್, ಇಎಸ್‌ಐ, ಊಟ, ಹಾಸ್ಟೆಲ್ ಕಳೆದು ಕೈಗೆ ಬರುವುದೆಷ್ಟು? ಬಾಂಡ್ ಇದೆಯೇ? ಮೂಲ ಅಂಕಪಟ್ಟಿ ಕೇಳುತ್ತಾರೆಯೇ? ಮೂಲ ದಾಖಲೆ ತೋರಿಸಿ, ಝೆರಾಕ್ಸ್ ಕೊಟ್ಟು ಬರುವುದೇ ಸರಿ. ಹೊಸ ಸಂಹಿತೆಗಳಡಿ ನೇಮಕಾತಿ ಪತ್ರ ಕೊಡುವುದು ಮಾಲೀಕರ ಕರ್ತವ್ಯ, ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.

ಬಾಂಡ್ ಎಂದರೆ ಬರೀ ಬೆದರಿಕೆ ಎಂದು ತಳ್ಳಿಹಾಕುವವರೂ ಇದ್ದಾರೆ. ಅದು ಅಪಾಯದ ಮಾತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಹಿಗೆ ಮುಂಚೆ ಓದಬೇಕು, ಓದಲು ಒಂದು ದಿನದ ಸಮಯ ಕೇಳಬೇಕು.

ಪದವಿ ಮುಗಿಸಿ ಕೆಲಸ ಸಿಗದವರಿಗೆ ರಾಜ್ಯದ ಯುವನಿಧಿ ಇದೆ. ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾ ಆದವರಿಗೆ 1500 ರೂಪಾಯಿ, ಗರಿಷ್ಠ ಎರಡು ವರ್ಷ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದಿರಬೇಕು, ಉನ್ನತ ವ್ಯಾಸಂಗದಲ್ಲಿರಬಾರದು. ಅರ್ಜಿ ಹಾಕುವುದು ಸೇವಾ ಸಿಂಧು ಪೋರ್ಟಲ್‌ನಲ್ಲಿ. ಇನ್ನೂ ನಿರುದ್ಯೋಗಿ ಎಂಬ ಸ್ವಯಂ ಘೋಷಣೆಯನ್ನು ಕಾಲಕಾಲಕ್ಕೆ ಕೊಡದಿದ್ದರೆ ಹಣ ನಿಲ್ಲುತ್ತದೆ.

ಹೊರಗುತ್ತಿಗೆ ಏಜೆನ್ಸಿಗಳ ಮೂಲಕ ಆಸ್ಪತ್ರೆ, ಹಾಸ್ಟೆಲ್, ಕಚೇರಿಗಳಲ್ಲಿ ದುಡಿಯುವವರ ಗೋಳು ಹೆಚ್ಚು. ಕೆಲಸಕ್ಕೆ ಸೇರಿಸಲು ಇಂತಿಷ್ಟು, ಪ್ರತಿ ತಿಂಗಳ ಸಂಬಳದಲ್ಲಿ ಇಂತಿಷ್ಟು ಎಂದು ಕಿತ್ತುಕೊಳ್ಳುವುದು ಮಾಮೂಲಿ ಎಂಬಂತೆ ನಡೆಯುತ್ತದೆ. ಅದು ಮಾಮೂಲಿಯಲ್ಲ, ಅಪರಾಧ. ಗುತ್ತಿಗೆ ಕಾರ್ಮಿಕರಿಂದ ಗುತ್ತಿಗೆದಾರ ನೇರವಾಗಿಯಾಗಲಿ ಬಳಸುದಾರಿಯಿಂದಾಗಲಿ ಕಮಿಷನ್ ಪಡೆಯುವಂತಿಲ್ಲ ಎಂದು ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಇನ್ನೊಂದಾದ ಔದ್ಯೋಗಿಕ ಸುರಕ್ಷತಾ ಸಂಹಿತೆ ಹೇಳುತ್ತದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಕೊಡಬೇಕು. ಈ ಸಂಹಿತೆಯ ಗುತ್ತಿಗೆ ನಿಯಮಗಳು 50 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿರುವಲ್ಲಿ ಅನ್ವಯಿಸುತ್ತವೆ. ಹಿಂದೆ ಈ ಮಿತಿ 20 ಇತ್ತು. ಚಿಕ್ಕ ಜಾಗಗಳಲ್ಲಿ ದುಡಿಯುವವರಿಗೆ ಇದರಿಂದ ಆದ ನಷ್ಟವನ್ನು ಮುಚ್ಚಿಡುವಂತಿಲ್ಲ. ಸಂಬಳದಲ್ಲಿ ಪಿಎಫ್ ಹಿಡಿದಿದ್ದಾರೆ ಎಂದಾದರೆ ಯುಎಎನ್ ನಂಬರ್ ಪಡೆದು, ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು, ಹಣ ನಿಜಕ್ಕೂ ಜಮೆಯಾಗಿದೆಯೇ ನೋಡಬಹುದು. ಮೊದಲ ತಿಂಗಳೇ ನೋಡಿದರೆ ಒಳ್ಳೆಯದು.

ವಿದೇಶದ ಕೆಲಸಕ್ಕೆ 1983ರ ವಲಸೆ ಕಾಯ್ದೆ ಇದೆ. ನೋಂದಣಿಯಾಗದ ಏಜೆಂಟ್ ಜನರನ್ನು ಕಳಿಸುವಂತಿಲ್ಲ. ನೋಂದಾಯಿತರೂ ಸೇವಾ ಶುಲ್ಕವೆಂದು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ, ರಸೀದಿ ಕೊಡಬೇಕು. ಏಜೆಂಟ್ ನೋಂದಾಯಿತನೇ ಎಂಬುದನ್ನು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಭದ್ರತಾ ಸಿಬ್ಬಂದಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಅಲ್ಲಿ ಸೇನೆಯ ಪಾಲಾದರು. 2024ರ ಸೆಪ್ಟೆಂಬರ್‌ನಲ್ಲಿ ಅವರು ಮನೆ ಸೇರುವವರೆಗೆ ಹೆತ್ತವರು ಪಟ್ಟ ಪಾಡು ಯಾವ ಮನೆಗೂ ಬಾರದಿರಲಿ.

ದುಡ್ಡು ಕೊಟ್ಟು ಮೋಸಹೋದವರು ನಾಚಿಕೆಯಿಂದ ಸುಮ್ಮನಾಗಬೇಕಿಲ್ಲ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ಕರೆ ಮಾಡಿದಷ್ಟೂ ಖಾತೆಯಲ್ಲಿರುವ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ವಾಟ್ಸ್ಆ್ಯಪ್ ಸಂದೇಶ, ನಕಲಿ ಆಫರ್ ಲೆಟರ್, ಯುಪಿಐ ವಿವರ ಯಾವುದನ್ನೂ ಅಳಿಸಬಾರದು. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ವಂಚಿಸಿ ಹಣ ಕಿತ್ತುಕೊಂಡರೆ ಏಳು ವರ್ಷದವರೆಗೆ ಶಿಕ್ಷೆಯಿದೆ. ‘ನಮ್ಮ ಠಾಣೆಯ ವ್ಯಾಪ್ತಿಯಲ್ಲ’ ಎಂದು ಪೊಲೀಸರು ಅಟ್ಟುವಂತಿಲ್ಲ, ಯಾವ ಠಾಣೆಯಲ್ಲಾದರೂ ದೂರು ದಾಖಲಾಗಬೇಕು. ಆಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರಹದಲ್ಲಿ ದೂರು ಕಳಿಸಬಹುದು, ಅಲ್ಲೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ವಿನಿಮಯ ಕಚೇರಿಯಿಂದ ಹೆಸರು ಹೋಯಿತೋ ಇಲ್ಲವೋ ಎಂಬ ಅನುಮಾನವಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಬಹುದು, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಇಂಥ ಸಂಸ್ಥೆ ಕಳೆದ ವರ್ಷ ಎಷ್ಟು ಖಾಲಿ ಹುದ್ದೆ ತಿಳಿಸಿತು, ಯಾವ ಕ್ರಮದಲ್ಲಿ ಹೆಸರು ಕಳಿಸಲಾಯಿತು ಎಂದು ನೇರವಾಗಿ ಕೇಳಬೇಕು. ಉತ್ತರಕ್ಕೆ 30 ದಿನದ ಗಡುವಿದೆ. ಅರ್ಜಿ ಬರೆಯಲು, ದೂರು ಕೊಡಲು ನೆರವು ಬೇಕಾದವರು ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮತ್ತು ಕೈಗಾರಿಕಾ ಕಾರ್ಮಿಕರಿಗೆ ಆದಾಯದ ಲೆಕ್ಕವಿಲ್ಲದೆ ಅಲ್ಲಿ ವಕೀಲರ ಸೇವೆ ಉಚಿತವಾಗಿ ದೊರೆಯುತ್ತದೆ.