ಚೈನ್ ಹಿಗ್ಗೋದಿಲ್ಲ, ಸವೆಯುತ್ತೆ: ಡರ್ಟ್ ಬೈಕಿನ ಚೈನ್-ಸ್ಪ್ರಾಕೆಟ್ ಪರೀಕ್ಷೆ

“ಚೈನ್ ಎಳ್ಕೊಂಡ್ಬಿಟ್ಟಿದೆ, ಚೇಂಜ್ ಮಾಡ್ಸಿ.” ಗ್ಯಾರೇಜಿನಲ್ಲಿ ಈ ಮಾತು ಕೇಳದ ಬೈಕ್ ಸವಾರರು ಕಡಿಮೆ. ಆದರೆ ಉಕ್ಕಿನ ಪಟ್ಟಿ ರಬ್ಬರಿನ ಹಾಗೆ ಎಳ್ಕೊಳ್ಳುತ್ತಾ? ಹಾಗಾದ್ರೆ ಆ ಉದ್ದ ಎಲ್ಲಿಂದ ಬಂತು? ಚೈನ್ ಮಾತ್ರ ಬದಲಿಸಿದ್ರೆ ಸಾಕಾ, ಇಡೀ ಸೆಟ್ ಬೇಕಾ? ಕೆಸರು, ಮರಳಿನಲ್ಲಿ ಓಡಿಸುವವರಿಗೆ ಇದು ದುಡ್ಡಿನ ಪ್ರಶ್ನೆ ಮಾತ್ರ ಅಲ್ಲ. ಓಡ್ತಿರುವಾಗ ಚೈನ್ ತುಂಡಾಗಿ ಮುಂದಿನ ಸ್ಪ್ರಾಕೆಟ್ ಹತ್ತಿರ ಸುತ್ತಿಕೊಂಡ್ರೆ ಎಂಜಿನ್ ಕೇಸೇ ಒಡೆಯಬಹುದು, ಹಿಂದಿನ ಚಕ್ರ ಲಾಕ್ ಆಗಬಹುದು.

ಉದ್ದ ಆಗೋದು ಹೇಗೆ?

ನಾವು ಇವತ್ತು ಬಳಸುವ ಬುಶ್ ರೋಲರ್ ಚೈನಿಗೆ ಹಾನ್ಸ್ ರೆನಾಲ್ಡ್ 1880ರಲ್ಲಿ ಪೇಟೆಂಟ್ ಪಡೆದರು. ಅದರ ಮೂಲ ರಚನೆ ಇಂದಿಗೂ ಅದೇ: ಪಿನ್, ಪಿನ್ನಿನ ಮೇಲೆ ಬುಶ್, ಬುಶ್ಶಿನ ಮೇಲೆ ರೋಲರ್, ಪಕ್ಕದಲ್ಲಿ ಪ್ಲೇಟುಗಳು. ಚೈನ್ ಸ್ಪ್ರಾಕೆಟ್ ಸುತ್ತಿದಾಗಲೆಲ್ಲ ಪಿನ್ ಬುಶ್ಶಿನ ಒಳಗೆ ಒಂಚೂರು ತಿರುಗುತ್ತೆ. ಅಲ್ಲಿ ಗ್ರೀಸ್ ಇಲ್ಲದೆ ಮಣ್ಣು ಸೇರಿಕೊಂಡ್ರೆ ಅದು ಸಾಣೆ ಹಿಡಿದ ಹಾಗೆ ಎರಡನ್ನೂ ತೇಯುತ್ತೆ. ಪ್ರತಿ ಕೀಲಿನಲ್ಲಿ ಬರುವ ಈ ಸಣ್ಣ ಸಡಿಲವೇ ಒಟ್ಟುಗೂಡಿ ಉದ್ದವಾಗಿ ಕಾಣುತ್ತೆ.

ಲೆಕ್ಕ ಹಾಕಿ ನೋಡೋಣ. 520 ಚೈನಿನ ಪಿಚ್, ಅಂದ್ರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ, 15.875 ಮಿ.ಮೀ. ಇದು ಸರಾಸರಿ ಶೇ. 1 ಹೆಚ್ಚಾದ್ರೆ ಪಿಚ್ಚಿಗೆ 0.16 ಮಿ.ಮೀ. ಮಾತ್ರ. ಕಣ್ಣಿಗೆ ಕಾಣಲ್ಲ. ಆದರೆ 114 ಲಿಂಕಿನ ಚೈನಿನಲ್ಲಿ ಒಟ್ಟು ಸುಮಾರು 18 ಮಿ.ಮೀ. ಆಗುತ್ತೆ!

ಮೊದಲು ಅಳತೆ

ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಹಿಂದಿನ ಚಕ್ರ ಸ್ಟ್ಯಾಂಡಿನ ಮೇಲೆ. ಎಂಜಿನ್ ಓಡಿಸಿಕೊಂಡು ಚೈನ್ ಒರೆಸೋಕೆ ಹೋಗಲೇಬೇಡಿ. ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್ಟಿಗೆ ಸಿಕ್ಕಿಬಿಡುತ್ತೆ. ಸೀಮೆಎಣ್ಣೆ ಮತ್ತು ಮೆತ್ತನೆಯ ಬ್ರಶ್ಶಿನಿಂದ ಕೆಸರು ತೆಗೆಯಿರಿ. ಓ-ರಿಂಗ್ ಚೈನ್ ಆದ್ರೆ ಪೆಟ್ರೋಲ್, ತಂತಿ ಬ್ರಶ್ ಎರಡೂ ಬೇಡ. ರಬ್ಬರ್ ರಿಂಗ್ ಹಾಳಾದ್ರೆ ಒಳಗಿನ ಗ್ರೀಸ್ ಹೊರಗೆ ಬರುತ್ತೆ.

ಈಗ ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಒಂದು ಪಿನ್ನಿನ ನಡುವಿನಿಂದ 21ನೇ ಪಿನ್ನಿನ ನಡುವಿನವರೆಗೆ ಅಳೆಯಿರಿ. ಇದು 20 ಪಿಚ್. ಹೊಸ 520 ಚೈನಿನಲ್ಲಿ ಇದು 317.5 ಮಿ.ಮೀ. ನಮ್ಮ 100–150 ಸಿಸಿ ಬೈಕುಗಳಲ್ಲಿ ಸಾಮಾನ್ಯವಾಗಿರುವ 428 ಚೈನಿನಲ್ಲಿ ಪಿಚ್ 12.7, ಹಾಗಾಗಿ 254 ಮಿ.ಮೀ.

ಒಂದೇ ಪಿಚ್ ಯಾಕೆ ಅಳೆಯಬಾರದು? ಹೊರಗಿನ ಲಿಂಕಿನ ಎರಡು ಪಿನ್ನುಗಳು ಪ್ಲೇಟಿಗೆ ಗಟ್ಟಿಯಾಗಿ ಕೂತಿರುತ್ತವೆ, ಅವುಗಳ ನಡುವಿನ ದೂರ ಬದಲಾಗಲ್ಲ. ಸವೆತವೆಲ್ಲ ಕಾಣಿಸೋದು ಪಕ್ಕದ ಪಿಚ್ಚಿನಲ್ಲಿ. ಅದಕ್ಕೇ ಸಮ ಸಂಖ್ಯೆಯ ಪಿಚ್‌ಗಳನ್ನು ಒಟ್ಟಿಗೆ ಅಳೆಯಬೇಕು.

ಚಕ್ರ ತಿರುಗಿಸುತ್ತಾ ಕನಿಷ್ಠ ಮೂರು ಕಡೆ ಅಳೆಯಿರಿ. ಉದಾಹರಣೆಗೆ 520 ಚೈನಿನಲ್ಲಿ 319, 319.5, 322 ಬಂತು ಅನ್ಕೊಳ್ಳಿ. ಸರಾಸರಿ ತೆಗೆದು ಸಮಾಧಾನ ಪಟ್ಕೊಳ್ಳೋ ಹಾಗಿಲ್ಲ. 322 ಅಂದ್ರೆ ಶೇ. 1.4 ಸವೆತ, ತೀರ್ಮಾನ ಅದರ ಮೇಲೆಯೇ. ಬೈಕಿನ ಮ್ಯಾನುಯಲ್‌ನಲ್ಲಿ ಮಿತಿ ಕೊಟ್ಟಿರ್ತಾರೆ, ಸಾಮಾನ್ಯವಾಗಿ ಶೇ. 1ರಿಂದ 2ರ ನಡುವೆ. ಅದನ್ನೇ ಪಾಲಿಸಿ.

ಹಿಂದಿನ ಸ್ಪ್ರಾಕೆಟ್ಟಿನಲ್ಲಿ ಎಳೆದು ನೋಡಿ

ಟೇಪ್ ಇಲ್ಲದಿದ್ರೆ, ಹಿಂದಿನ ಸ್ಪ್ರಾಕೆಟ್ಟಿನ ಕೊಟ್ಟಕೊನೆಯ ಬಿಂದುವಿನಲ್ಲಿ ಚೈನನ್ನು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲಿಗಿಂತ ಹೆಚ್ಚು ಕಂಡ್ರೆ ಕೆಲಸ ಕೆಟ್ಟಿದೆ ಅಂತ ಅರ್ಥ.

ಮುಂದಿನದರಲ್ಲಿ ಯಾಕಲ್ಲ? ಸ್ಪ್ರಾಕೆಟ್ಟಿನ ಪಿಚ್ ವೃತ್ತದ ವ್ಯಾಸ = ಪಿಚ್ ÷ ಸೈನ್ (180° ÷ ಹಲ್ಲುಗಳ ಸಂಖ್ಯೆ). 520 ಚೈನಿಗೆ 50 ಹಲ್ಲಿದ್ರೆ ವ್ಯಾಸ ಸುಮಾರು 252.8 ಮಿ.ಮೀ., 13 ಹಲ್ಲಿದ್ರೆ 66.3. ಪಿಚ್ ಶೇ. 1 ಹೆಚ್ಚಾದಾಗ ದೊಡ್ಡದರಲ್ಲಿ ಚೈನ್ ಸುಮಾರು 1.26 ಮಿ.ಮೀ. ಮೇಲೆ ಏರಿ ಕೂರುತ್ತೆ, ಸಣ್ಣದರಲ್ಲಿ 0.33 ಮಾತ್ರ. ಅದಕ್ಕೇ ಸವೆದ ಚೈನ್ ಹಿಂದೆಯೇ ಹಲ್ಲು ಹಾರಿಸುತ್ತೆ.

ಹಲ್ಲುಗಳು ಹೇಳೋ ಕಥೆ

ಒಳ್ಳೆಯ ಹಲ್ಲು ಎರಡೂ ಬದಿ ಒಂದೇ ತರ ಇರುತ್ತೆ. ಭಾರ ಹೊರುವ ಬದಿ ಮಾತ್ರ ಸವೆದು ಹಲ್ಲು ಕುಡುಗೋಲಿನ ಹಾಗೆ ಬಾಗಿದ್ರೆ ಸ್ಪ್ರಾಕೆಟ್ ಮುಗೀತು. ಮುಂದಿನದರ ಕವರ್ ಬಿಚ್ಚಿ ನೋಡೋದನ್ನು ಮರೀಬೇಡಿ. 13 ಮತ್ತು 50 ಹಲ್ಲಿನ ಜೋಡಿಯಲ್ಲಿ ಹಿಂದಿನದು ಒಂದು ಸುತ್ತು ಬರುವಷ್ಟರಲ್ಲಿ ಮುಂದಿನದು 3.85 ಸುತ್ತು ಬರುತ್ತೆ. ಅದರ ಪ್ರತಿ ಹಲ್ಲಿಗೂ ಅಷ್ಟೇ ಪಟ್ಟು ಹೆಚ್ಚು ದುಡಿಮೆ. ಹಿಂದಿನದು ಅಲ್ಯೂಮಿನಿಯಂ ಆಗಿದ್ರೆ ಅದೂ ಬೇಗ ಸವೆಯುತ್ತೆ.

ಇನ್ನು ಕೆಲವು ಲಕ್ಷಣಗಳು:

- ಹಲ್ಲಿನ ಪಕ್ಕ, ಪ್ಲೇಟಿನ ಒಳಬದಿ ಹೊಳೀತಿದ್ರೆ: ಅಲೈನ್‌ಮೆಂಟ್ ತಪ್ಪಿದೆ. ಅಡ್ಜಸ್ಟರ್ ಗೆರೆ ನಂಬಿ ಕೂರಬೇಡಿ. ಸ್ವಿಂಗ್‌ಆರ್ಮ್ ಪಿವಟ್‌ನಿಂದ ಆಕ್ಸಲ್‌ವರೆಗೆ ಎರಡೂ ಕಡೆ ಅಳೆಯಿರಿ.
- ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ: ಸವೆತ ಎಲ್ಲ ಕಡೆ ಒಂದೇ ಸಮ ಇಲ್ಲ. ಟೈಟ್ ಮಾಡೋದಾದ್ರೆ ಅತಿ ಬಿಗಿ ಇರುವ ಜಾಗ ನೋಡಿ ಮಾಡಿ.
- ಲಿಂಕ್ ಬಾಗಿದಲ್ಲೇ ನಿಂತ್ರೆ: ಒಳಗೆ ತುಕ್ಕು ಹಿಡಿದಿದೆ. ತೊಳೆದು ಎಣ್ಣೆ ಹಾಕಿದ್ರೂ ಬಿಡದಿದ್ರೆ ಚೈನ್ ತೆಗೆಯಿರಿ.
- ರೋಲರ್ ಒಡೆದಿದ್ರೆ, ಓ-ರಿಂಗ್ ಬಿದ್ದಿದ್ರೆ: ಅಳತೆ ಸರಿ ಇದ್ರೂ ಆ ಚೈನ್ ಬೇಡ.
- ಚಕ್ರವೇ ಅಲ್ಲಾಡ್ತಿದ್ರೆ: ತೊಂದರೆ ಬೇರಿಂಗಿನದ್ದು. ಹೊಸ ಸೆಟ್ ಹಾಕಿದ್ರೂ ಅದೂ ಬೇಗ ಹೋಗುತ್ತೆ.

ಬಿಗಿ ಎಷ್ಟು?

ರಸ್ತೆ ಬೈಕಿನ ಲೆಕ್ಕ ಇಲ್ಲಿ ನಡೆಯಲ್ಲ. ಡರ್ಟ್ ಬೈಕಿನ ಸಸ್ಪೆನ್ಶನ್ ತುಂಬಾ ಕೆಳಗೆ-ಮೇಲೆ ಆಡುತ್ತೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತ್ಯಂತ ಬಿಗಿ ಆಗುತ್ತೆ. ಸ್ಟ್ಯಾಂಡಿನಲ್ಲಿ ಚೆನ್ನಾಗಿ ಟೈಟ್ ಇದ್ದ ಚೈನ್, ಜಂಪ್ ಮಾಡಿ ಇಳಿದಾಗ ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗನ್ನೇ ಎಳೆಯುತ್ತೆ. ಸಡಿಲ ಕಂಡ್ರೂ ಮ್ಯಾನುಯಲ್ ಹೇಳಿದ ಸಡಿಲವನ್ನೇ ಬಿಡಿ.

ಸೆಟ್ಟಾ, ಚೈನ್ ಮಾತ್ರವಾ?

ಹೊಸ ಚೈನಿನ ಪಿಚ್ ಸರಿಯಾಗಿರುತ್ತೆ, ಆದರೆ ಹಳೆ ಹಲ್ಲು ಹಳೆ ಚೈನಿನ ಅಳತೆಗೆ ಸವೆದಿರುತ್ತೆ. ಭಾರ ಎಲ್ಲ ರೋಲರುಗಳಿಗೂ ಹಂಚಿ ಹೋಗದೆ ಕೆಲವೇ ರೋಲರುಗಳ ಮೇಲೆ ಬೀಳುತ್ತೆ, ಹೊಸ ಚೈನೂ ಬೇಗ ಹಾಳು. ಇದರ ಉಲ್ಟಾ ಕೂಡ ನಿಜ: ಸವೆದ ಚೈನ್ ಹೊಸ ಸ್ಪ್ರಾಕೆಟ್ಟನ್ನು ತಿನ್ನುತ್ತೆ. ಹಾಗಾಗಿ ಹಲ್ಲು ಬಾಗಿದ್ರೆ ಮೂರನ್ನೂ ಒಟ್ಟಿಗೆ ಬದಲಿಸಿ. ಹಲ್ಲು ಇನ್ನೂ ಚೆನ್ನಾಗಿದ್ದು, ಚೈನ್ ಈಗ ತಾನೇ ಮಿತಿ ಮುಟ್ಟಿದ್ರೆ ಚೈನ್ ಮಾತ್ರ ಸಾಕು. ಈ ಅವಕಾಶ ಸಿಗೋದು ಆಗಾಗ ಅಳೆಯುವವರಿಗೆ ಮಾತ್ರ.

ಚೈನ್ ಲಾಕ್ ಹಾಕುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಲಿ. ಉಲ್ಟಾ ಇದ್ರೆ ಕಲ್ಲೋ ಕೊಂಬೆಯೋ ತಗುಲಿ ಕ್ಲಿಪ್ ಬಿಚ್ಚಿಕೊಳ್ಳಬಹುದು.

ಒಂದು ಟೇಪು, ಒಂದು ನೋಟ್‌ಬುಕ್ ಇಟ್ಕೊಳ್ಳಿ. ದಿನಾಂಕ, ಮೂರು ಅಳತೆ, ಎಷ್ಟು ಸಲ ಟೈಟ್ ಮಾಡಿದ್ದು ಅಂತ ಬರೆದಿಡಿ. ಮುಂದಿನ ಸಲ ಗ್ಯಾರೇಜಿನಲ್ಲಿ “ಅಣ್ಣಾ, 20 ಪಿಚ್ಚಿಗೆ 322 ಬಂದಿದೆ, ಮುಂದಿನ ಹಲ್ಲು ಬಾಗಿದೆ, ಸೆಟ್ ಹಾಕಿ” ಅಂತ ಹೇಳೋದು ನೀವೇ ಆಗಿರ್ತೀರಿ.